ಹೈದರಾಬಾದಿನ ಬೀಗ, ಮುಂಬಯಿಯ ಗಲ್ಲಾಪೆಟ್ಟಿಗೆ

2007ರ ಆಗಸ್ಟ್ ಕೊನೆಯಲ್ಲಿ ಹೈದರಾಬಾದ್ ಷೇರು ವಿನಿಮಯ ಕೇಂದ್ರದ ಮಾನ್ಯತೆ ರದ್ದಾಯಿತು. ನಿಜಾಮರ ಆಳ್ವಿಕೆಯಲ್ಲಿ, 1943ರಲ್ಲಿ ಹುಟ್ಟಿದ ಸಂಸ್ಥೆ ಅದು. ಶೇ 51ರಷ್ಟು ಒಡೆತನವನ್ನು ಬ್ರೋಕರುಗಳಲ್ಲದವರಿಗೆ ಬಿಟ್ಟುಕೊಡಬೇಕೆಂದು ಷೇರುಪೇಟೆಯ ನಿಯಂತ್ರಕ ಸೆಬಿ ಗಡುವು ಕೊಟ್ಟಿತ್ತು. ಗಡುವು ಮುಗಿಯಿತು, ಬೀಗ ಬಿತ್ತು. ಮಂಗಳೂರಿನ ಕೇಂದ್ರದ ಕತೆ ಅದಕ್ಕೂ ಮೊದಲೇ ಮುಗಿದಿತ್ತು. ಬೆಂಗಳೂರಿನದು 2014ರಲ್ಲಿ ನಿರ್ಗಮಿಸಿತು.

ಈ ಕೇಂದ್ರಗಳಿಗಾಗಿ ಕಣ್ಣೀರು ಸುರಿಸುವವನು ನಾನಲ್ಲ. 1994ರಲ್ಲಿ ಮುಂಬಯಿಯ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ಎನ್‌ಎಸ್‌ಇಯ ಕಂಪ್ಯೂಟರ್ ಪರದೆ ಬಂದ ಮೇಲೆ ವಹಿವಾಟೆಲ್ಲ ಅತ್ತ ಹರಿದಿತ್ತು. ಬ್ರೋಕರುಗಳೇ ಮಾಲೀಕರು, ತಪ್ಪು ಮಾಡಿದ ಬ್ರೋಕರನ್ನು ವಿಚಾರಿಸುವವರೂ ಅವರೇ ಎಂಬ ಏರ್ಪಾಡು ಹೋಗಬೇಕಾಗಿತ್ತು, ಹೋಯಿತು. ನನ್ನ ತಕರಾರು ಬೇರೆ. ಆ ಸುಧಾರಣೆ ಅರ್ಧದಲ್ಲೇ ನಿಂತಿದೆ.

ಇಂದಿನ ವಿನಿಮಯ ಕೇಂದ್ರ ಲಾಭಕ್ಕೆ ದುಡಿಯುವ ಕಂಪನಿ. ಮುಂಬಯಿಯದೇ ಇನ್ನೊಂದು ಕೇಂದ್ರವಾದ ಬಿಎಸ್‌ಇಯ ಷೇರನ್ನು 2017ರಿಂದ ಯಾರು ಬೇಕಾದರೂ ಕೊಳ್ಳಬಹುದು. ಇಂಥ ಕಂಪನಿಗೆ ವಹಿವಾಟು ಹೆಚ್ಚಿದಷ್ಟೂ ಆದಾಯ. ಹಾಗಾಗಿಯೇ ವಾರದ ಆಪ್ಷನ್‌ಗಳು, ಅಂದರೆ ಸೂಚ್ಯಂಕದ ಏರಿಳಿತದ ಮೇಲೆ ಕಟ್ಟುವ, ವಾರಕ್ಕೊಮ್ಮೆ ಅವಧಿ ಮುಗಿಯುವ (ಎಕ್ಸ್‌ಪೈರಿ) ಕಾಂಟ್ರಾಕ್ಟುಗಳು, ಸಂತೆಯ ಹಾಗೆ ದಿನಕ್ಕೊಂದಾದವು. ಒಂದು ಹಂತದಲ್ಲಿ ಸೋಮವಾರ ಮಿಡ್‌ಕ್ಯಾಪ್, ಮಂಗಳವಾರ ಫಿನ್‌ನಿಫ್ಟಿ, ಬುಧವಾರ ಬ್ಯಾಂಕ್ ನಿಫ್ಟಿ, ಗುರುವಾರ ನಿಫ್ಟಿ, ಶುಕ್ರವಾರ ಸೆನ್ಸೆಕ್ಸ್ ಎಕ್ಸ್‌ಪೈರಿ. ಮಧ್ಯಾಹ್ನ ಮೂರೂವರೆಗೆ ಸೊನ್ನೆಯಾಗಬಹುದಾದ ಕಾಂಟ್ರಾಕ್ಟನ್ನು ಎರಡೂವರೆಗೆ ಕೊಳ್ಳುವುದಕ್ಕೆ ಹೂಡಿಕೆ ಎಂಬ ಹೆಸರು! ಫಲವನ್ನು ಸೆಬಿಯೇ ಲೆಕ್ಕ ಹಾಕಿದೆ: 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟು ನಡೆಸಿದ ಒಂದು ಕೋಟಿಗೂ ಹೆಚ್ಚು ಬಿಡಿ ವ್ಯಕ್ತಿಗಳಲ್ಲಿ ಶೇ 93 ಮಂದಿಗೆ ನಷ್ಟ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮೇಲೆ.

ವಯಸ್ಕರು ತಮ್ಮ ದುಡ್ಡು ಕಳೆದುಕೊಂಡರೆ ಸರ್ಕಾರಕ್ಕೇನು ಎನ್ನುವವರಿದ್ದಾರೆ. ಒಪ್ಪೋಣ. ಆದರೆ ಆಟದ ಅಂಕಣ ಬಾಡಿಗೆಗೆ ಕೊಟ್ಟು, ಪ್ರತಿ ಬಾಜಿಯ ಮೇಲೂ ಶುಲ್ಕ ಎತ್ತುವವರೇ ಅಂಪೈರೂ ಆದರೆ ಯಾರನ್ನು ನಂಬುವುದು? ಬ್ರೋಕರುಗಳ ತಪಾಸಣೆಯೂ ಈ ಕೇಂದ್ರಗಳ ಕೈಯಲ್ಲೇ ಇದೆ.

ಹೈದರಾಬಾದಿನವರಿಗೆ ಇದರ ಬೆಲೆ ಗೊತ್ತಿದೆ. ಇಲ್ಲಿಯದೇ ಕಾರ್ವಿ ಸ್ಟಾಕ್ ಬ್ರೋಕಿಂಗ್, ಗ್ರಾಹಕರು ಖಾತೆ ತೆರೆಯುವಾಗ ಸಹಿ ಹಾಕಿದ್ದ ಪವರ್ ಆಫ್ ಅಟಾರ್ನಿ ಹಿಡಿದು ಅವರ ಷೇರುಗಳನ್ನು ತನ್ನ ಡಿಮ್ಯಾಟ್ ಖಾತೆಗೆ ಸಾಗಿಸಿ, ಬ್ಯಾಂಕುಗಳಲ್ಲಿ ಅಡವಿಟ್ಟು ಸಾಲ ಎತ್ತಿತು. 2016ರ ಏಪ್ರಿಲ್‌ನಿಂದ 2019ರ ಅಕ್ಟೋಬರ್‌ವರೆಗೆ 1,096 ಕೋಟಿ ರೂಪಾಯಿ ಅದೇ ಸಮೂಹದ ಕಾರ್ವಿ ರಿಯಾಲ್ಟಿಗೆ ಹೋಗಿತ್ತು. ಸೆಬಿ ಆದೇಶ ಬಂದದ್ದು 2019ರ ನವೆಂಬರ್ 22ರಂದು. ಒಡೆತನದ ಗಡುವು ತಪ್ಪಿದ ಕೇಂದ್ರಕ್ಕೆ ಬೀಗ ಹಾಕಲು ಒಂದು ದಿನವೂ ತಡವಾಗಲಿಲ್ಲ. ಅದೇ ಊರಿನ ಬ್ರೋಕರಿನಿಂದ ಹೀಗೆ ಹಣ ಸಾಗುತ್ತಿದ್ದುದನ್ನು ತಡೆಯಲು ಮೂರು ವರ್ಷ ದಾಟಿತು.

ಆಮೇಲೆ ನಿಯಮಗಳು ಬಂದವು. 2020ರ ಸೆಪ್ಟೆಂಬರ್‌ನಿಂದ ಅಡವಿಟ್ಟ ಷೇರು ಗ್ರಾಹಕನ ಖಾತೆಯಲ್ಲೇ ಉಳಿಯುತ್ತದೆ. 2024ರ ನವೆಂಬರ್‌ನಿಂದ ಒಂದು ಕೇಂದ್ರಕ್ಕೆ ಒಂದೇ ಸೂಚ್ಯಂಕದ ವಾರದ ಎಕ್ಸ್‌ಪೈರಿ. ಒಳ್ಳೆಯದೇ. ಆದರೂ 2024–25ರಲ್ಲಿ ಶೇ 91 ಮಂದಿ ನಷ್ಟದಲ್ಲೇ ಉಳಿದರು. ಎಕ್ಸ್‌ಪೈರಿ ದಿನಗಳನ್ನು ಕಡಿಮೆ ಮಾಡಿದರೂ ಕೇಂದ್ರದ ಆದಾಯದ ಮೂಲ ಬದಲಾಗಲಿಲ್ಲ.

ಎನ್‌ಎಸ್‌ಇ ಕೂಡ ತನ್ನ ಷೇರುಗಳನ್ನು ಜನರಿಗೆ ಮಾರಲು 2016ರಲ್ಲೇ ಅರ್ಜಿ ಹಾಕಿತ್ತು; ಲಾಭ ಕೇಳುವ ಷೇರುದಾರರು ಹೆಚ್ಚಿದಷ್ಟೂ ಅಂಪೈರಿನ ಕೆಲಸ ಹೊರಗಿರುವುದೇ ಮೇಲು. ಅಮೆರಿಕದಲ್ಲಿ ಬ್ರೋಕರುಗಳ ಮೇಲೆ ಕಣ್ಣಿಡಲು ವಿನಿಮಯ ಕೇಂದ್ರಗಳಿಂದ ಹೊರಗಿನ, ಲಾಭಕ್ಕಲ್ಲದ ಫಿನ್ರಾ ಎಂಬ ಸಂಸ್ಥೆ ಇದೆ. ಇಲ್ಲೂ ಬ್ರೋಕರುಗಳ ತಪಾಸಣೆ, ವಹಿವಾಟಿನ ಕಣ್ಗಾವಲುಗಳನ್ನು ಎನ್‌ಎಸ್‌ಇ, ಬಿಎಸ್‌ಇಗಳ ಕೈಯಿಂದ ಬಿಡಿಸಿ ಪ್ರತ್ಯೇಕ ಸಂಸ್ಥೆಗೆ ಕೊಡಬೇಕು. ಹೈದರಾಬಾದಿನ ಕೇಂದ್ರಕ್ಕೆ ಕೊಟ್ಟಂತೆ, ಈ ಇಬ್ಬರಿಗೂ ಸೆಬಿ ಒಂದು ಗಡುವು ಕೊಡಲಿ.