ಕಂಬಳಿಗೆ ಮೈಲಿಗೆ ಇಲ್ಲ, ಕೊಳೆ ಇದೆ

ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೊರಟುಹೋಗುತ್ತೆ ಅಂತಾರೆ. ಚಳಿಯೇನೋ ಹೋಗುತ್ತೆ. ಚಳಿಗೆ ಅಂತ ದನಕರುಗಳಿಗೆ ಹೊದಿಸಿದ್ದ ಕಂಬಳಿ, ಗೋಣಿತಾಟು, ಎತ್ತಿನ ಜೂಲು ಎಲ್ಲಿಗೆ ಹೋಗುತ್ತೆ? ನಮ್ಮ ಕಡೆ ಬಹಳಷ್ಟು ಕೊಟ್ಟಿಗೆಗಳಲ್ಲಿ ಇದಕ್ಕೆ ಉತ್ತರ ಒಂದೇ. ಗೋಡೆ ಗೂಟಕ್ಕೆ, ಇಲ್ಲಾಂದ್ರೆ ಅಟ್ಟಕ್ಕೆ. ಗಂಜಲ, ಸಗಣಿ, ಬೆವರು, ಉದುರಿದ ಕೂದಲು ಎಲ್ಲಾ ಸಮೇತ. ಕಾರ್ತಿಕ ಕಳೆದು ಮತ್ತೆ ಚಳಿ ಬಿದ್ದಾಗ ಅದನ್ನೇ ಇಳಿಸಿ, ಎರಡು ಸಲ ಕೊಡವಿ, ಆಗ ತಾನೇ ಹುಟ್ಟಿದ ಕರು ಮೇಲೆ ಹೊದಿಸ್ತೀವಿ.

ಒಗೆಯೋ ಕೆಲಸ ಚಳಿ ಮುಗಿದಾಗ ಆಗಬೇಕು, ಚಳಿ ಶುರುವಾಗುವಾಗ ಅಲ್ಲ ಅನ್ನೋದು ನನ್ನ ವಾದ. ಈಗ ಬಿಸಿಲಿದೆ, ಗಾಳಿ ಒಣಗಿದೆ, ಒಂದು ದಪ್ಪ ಕಂಬಳಿ ಎರಡು ಮೂರು ದಿನದಲ್ಲಿ ಒಳಗಿಂದ ಒಣಗುತ್ತೆ. ಕಾರ್ತಿಕದಲ್ಲಿ ಒಗೆದ್ರೆ ಮೋಡ, ಇಬ್ಬನಿ, ಹಸಿ ವಾಸನೆ. ಅಷ್ಟೇ ಆಗಿದ್ರೆ ಇಷ್ಟುದ್ದ ಬರೀತಿರಲಿಲ್ಲ. ಕೊಳೆ ಹೊದಿಕೆ ಎಂಟು ತಿಂಗಳು ಅಟ್ಟದ ಮೇಲೆ ಸುಮ್ಮನೆ ಇರಲ್ಲ.

ಹಿರಿಯರು ಕಂಬಳಿಗೆ ಮೈಲಿಗೆ ಇಲ್ಲ ಅಂತಾರೆ. ದೇವರ ಕೆಲಸಕ್ಕೂ ಹಾಸ್ತೀವಿ, ಹೊಲ ಕಾಯೋಕೂ ಹೊದೀತೀವಿ, ಆ ಮಾತಿಗೆ ನನ್ನ ತಕರಾರಿಲ್ಲ. ಮನುಷ್ಯ ಹೊದೆಯೋ ಕಂಬಳಿ ಪದೇ ಪದೇ ಒಗೆದ್ರೆ ಹಾಳಾಗುತ್ತೆ ಅನ್ನೋದೂ ಸರಿಯೇ. ಹುಣಸೆಬೀಜದ ಸರಿ ಹಚ್ಚಿದ ನೂಲಲ್ಲಿ ನೇಯ್ದದ್ದು ಅದು, ನೀರು ಬಿದ್ದಷ್ಟೂ ಬಿಗುವು ಕಳ್ಕೊಳ್ಳುತ್ತೆ. ಆದ್ರೆ ದನದ ಮೈಮೇಲೆ ಮೂರು ತಿಂಗಳು ಇದ್ದ ಕಂಬಳಿ ಬೇರೆ ಲೆಕ್ಕ. ಮಡಿ ಮೈಲಿಗೆ ವಿಚಾರ ನಮಗೆ ಗೊತ್ತು, ಹುಳುಕಡ್ಡಿಗೆ ಗೊತ್ತಿಲ್ಲ.

ಹುಳುಕಡ್ಡಿ ಎಲ್ಲರೂ ನೋಡಿರ್ತೀರಿ. ಕರುವಿನ ಕಣ್ಣ ಸುತ್ತ, ಕಿವಿ ಹತ್ರ, ಕುತ್ತಿಗೆ ಮೇಲೆ ಬೂದಿ ಬಣ್ಣದ ದುಂಡನೆ ಹಕ್ಕಳೆ, ಆ ಜಾಗದಲ್ಲಿ ಕೂದಲಿಲ್ಲ. ಹೆಸರಲ್ಲಿ ಹುಳ ಇದೆ, ರೋಗದಲ್ಲಿ ಹುಳ ಇಲ್ಲ. ಅದು ಶಿಲೀಂಧ್ರ, ಅಂದ್ರೆ ಬೂಷ್ಟಿನ ಜಾತಿ. ಉದುರಿದ ಹಕ್ಕಳೆ, ಕೂದಲಲ್ಲಿ ಅದರ ಬೀಜಕಣ ಒಣ ಜಾಗದಲ್ಲಿ ವರ್ಷಗಟ್ಟಲೆ ಬದುಕಿರುತ್ತೆ. ಹೋದ ವರ್ಷದ ಕರು ವಾಸಿಯಾಗಿ ಮಣಕ ಆಗಿರುತ್ತೆ, ಅದರ ತಾಟು ಮಾತ್ರ ರೋಗ ಇಟ್ಕೊಂಡು ಅಟ್ಟದ ಮೇಲೆ ಕಾಯ್ತಿರುತ್ತೆ. ಹೊಸ ಕರು ಮೇಲೆ ಹಾಕಿದ ಕೆಲವು ವಾರಕ್ಕೆ ಅದೇ ಜಾಗದಲ್ಲಿ ಅದೇ ಮಚ್ಚೆ. ಆಮೇಲೆ ನೀರು ಸರಿಯಿಲ್ಲ, ಹಿಂಡಿ ಸರಿಯಿಲ್ಲ, ಯಾರದೋ ಕಣ್ಣು ಬಿತ್ತು ಅಂತ ಹುಡುಕ್ತಾ ಕೂರ್ತೀವಿ.

ಇದು ಮನುಷ್ಯರಿಗೂ ಅಂಟುತ್ತೆ. ಕರು ಕುತ್ತಿಗೆ ತಬ್ಬಿಕೊಂಡು ಆಡೋ ಮಕ್ಕಳಿಗೆ, ಹಾಲು ಕರೆಯೋರ ಮುಂಗೈಗೆ. ಮಗು ಕೈಮೇಲೆ ದುಂಡಗೆ ಕೆಂಪು ಉಂಗುರ ಎದ್ರೆ ಮುಲಾಮು ತರೋಕೆ ಮೆಡಿಕಲ್ ಸ್ಟೋರಿಗೆ ಓಡ್ತೀವಿ, ಕೊಟ್ಟಿಗೆ ಗೂಟದ ಕಡೆ ಯಾರೂ ತಿರುಗಿ ನೋಡಲ್ಲ.

ಹೇನಿನ ವಿಚಾರದಲ್ಲಿ ಅಷ್ಟು ಹೆದರಬೇಕಾಗಿಲ್ಲ. ಚಳಿಗಾಲದಲ್ಲಿ ಕೂದಲು ದಟ್ಟವಾಗಿ, ಮೇಲೆ ಹೊದಿಕೆಯೂ ಇದ್ದಾಗ ಹೇನು ಹೆಚ್ಚುತ್ತೆ ಅನ್ನೋದು ನಿಜ. ಆದ್ರೆ ದನದ ಮೈ ಬಿಟ್ಟು ಅದು ಹೆಚ್ಚು ದಿನ ಬದುಕಲ್ಲ, ಅಟ್ಟದಲ್ಲೇ ಸಾಯುತ್ತೆ. ಉಣ್ಣೆ ಹಂಗಲ್ಲ. ಕಂಬಳಿ ಉಣ್ಣೆ ಅಲ್ಲ ಸ್ವಾಮಿ, ರಕ್ತ ಕುಡಿಯೋ ಉಣ್ಣೆ. (ನಮ್ಮ ಭಾಷೇಲಿ ಎರಡಕ್ಕೂ ಒಂದೇ ಹೆಸರಿಟ್ಟ ಪುಣ್ಯಾತ್ಮ ಖಂಡಿತ ಇಂಥ ಕಂಬಳಿ ಕೊಡವಿ ನೋಡಿರಬೇಕು.) ರಕ್ತ ಕುಡಿದು ಉಬ್ಬಿದ ಹೆಣ್ಣು ಉಣ್ಣೆ ಕೆಳಗೆ ಬಿದ್ದು ಗೋಡೆ ಸಂದಿಲಿ, ಕಸದಡಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತೆ. ಮೂಲೇಲಿ ಮುದ್ದೆಯಾಗಿ ಬಿದ್ದ ಗೋಣಿ ಅದಕ್ಕೆ ಇನ್ನೊಂದು ಸಂದಿ.

ಇನ್ನು ಜಾತ್ರೆ ಜೂಲು. ಸಿದ್ದಗಂಗೆ ದನಗಳ ಜಾತ್ರೆ ಶಿವರಾತ್ರಿ ಹೊತ್ತಿಗೇ ಬರುತ್ತೆ. ಹಳ್ಳಿಕಾರ್ ಜೋಡಿ ಕಟ್ಟೋರು ಜೂಲು ಹೊದಿಸಿ ಹೊಡ್ಕೊಂಡು ಹೋಗ್ತಾರೆ, ನೋಡೋಕೆ ಎರಡು ಕಣ್ಣು ಸಾಲದು. ಅಲ್ಲಿ ನಾಲ್ಕಾರು ದಿನ ಪಕ್ಕದೋರ ಎತ್ತಿಗೆ ಒರಸಿಕೊಂಡು, ನೆಲಕ್ಕೆ ಹಾಸಿ, ರಾತ್ರಿ ನಾವೇ ಹೊದ್ದು ಮಲಗಿ, ಅದೇ ಜೂಲು ವಾಪಸ್ ಬಂದು ಸೀದಾ ಕೊಟ್ಟಿಗೆ ಗೂಟ ಸೇರುತ್ತೆ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಜಾತ್ರೆ, ಸಂತೆ ಎಲ್ಲಾ ನಿಲ್ಲಿಸಿದ್ದು ನೆನಪಿರಬೇಕು. ಆ ರೋಗ ಮುಖ್ಯವಾಗಿ ಹರಡೋದು ಕಚ್ಚೋ ನೊಣ, ಸೊಳ್ಳೆಯಿಂದ, ನಿಜ. ಆದ್ರೆ ಒಣಗಿದ ಹಕ್ಕಳೆಯಲ್ಲೂ ಅದರ ವೈರಸ್ ಒಂದು ತಿಂಗಳು ಬದುಕಬಲ್ಲದು. ಜಾತ್ರೆ ಜೂಲು ಅಂಗಳದಲ್ಲೇ ಬಿಚ್ಚಿ, ಅಂದೇ ನೆನೆಹಾಕಬೇಕು. ಕೊಟ್ಟಿಗೆ ಹೊಸ್ತಿಲು ದಾಟಬಾರದು. ಇದರಲ್ಲಿ ನಾನು ರಾಜಿ ಆಗಲ್ಲ.

ಒಗೆಯೋದು ಹೇಗೆ ಅನ್ನೋದು ಬಟ್ಟೆ ಮೇಲೆ ಹೋಗುತ್ತೆ. ಗೋಣಿ, ಹತ್ತಿ ಜೂಲು, ಹಳೇ ಪಂಚೆ ಇವುಗಳಿಗೆ ಹಂಡೆಯೇ ಮದ್ದು. ಅರ್ಧ ಗಂಟೆ ಕುದಿಸಿ, ಉಜ್ಜಿ, ಸುಡು ಬಿಸಿಲಿಗೆ ಹಾಕಿ. ಬಣ್ಣದ ಜೂಲು ಬಣ್ಣ ಬಿಡುತ್ತೆ, ಬಿಡಲಿ. ಹುಳುಕಡ್ಡಿ ಬಂದಿದ್ದ ಕರು ಗೋಣಿಯನ್ನ ಕುದಿಸೋಕೂ ಹೋಗಬೇಡಿ, ಒಲೆಗೆ ಹಾಕಿ. ಒಂದು ಚೀಲಕ್ಕೆ ಎಷ್ಟು ದುಡ್ಡು, ಒಂದು ಕರುವಿಗೆ ಎಷ್ಟು?

ಕುರಿ ಕಂಬಳಿಯನ್ನ ಕುದಿಸೋ ಹಾಗಿಲ್ಲ. ಬಿಸಿನೀರಲ್ಲಿ ಹಾಕಿ ಕುಕ್ಕಿದ್ರೆ ಕುಗ್ಗಿ ತಟ್ಟಿನ ಹಾಗೆ ಗಟ್ಟಿಯಾಗುತ್ತೆ. ಬ್ಲೀಚಿಂಗ್ ಪೌಡರಂತೂ ಬೇಡವೇ ಬೇಡ, ಅದು ಉಣ್ಣೆಯನ್ನೇ ತಿನ್ನುತ್ತೆ. ಸೋಡವೂ ಬೇಡ. ಮೊದಲು ಒಣಗಿದಾಗಲೇ ಕೋಲಲ್ಲಿ ಬಡಿದು, ಗಟ್ಟಿ ಬ್ರಷ್ಷಲ್ಲಿ ಸಗಣಿ ಹೆಕ್ಕೆ, ಕೂದಲು ಎಲ್ಲಾ ತೆಗೀರಿ. ಅರ್ಧ ಕೆಲಸ ಅಲ್ಲೇ ಮುಗೀತು. ಮೂಗು ಬಾಯಿಗೆ ಟವೆಲ್ ಕಟ್ಕೊಳ್ಳಿ. ಆಮೇಲೆ ತಣ್ಣೀರಲ್ಲಿ ಅಂಟುವಾಳ ನೆನೆಸಿ ಕಿವುಚಿದ ನೊರೆ ಹಾಕಿ, ಒಂದು ಗಂಟೆ ಬಿಟ್ಟು, ಕೈಯಲ್ಲಿ ಒತ್ತಿ ಒತ್ತಿ ತೊಳೀರಿ. ಹಿಂಡಬೇಡಿ. ನೆನೆದ ಕಂಬಳಿ ಒಬ್ಬರ ಕೈಲಿ ಏಳಲ್ಲ, ಇಬ್ಬರು ಹಿಡಿದು ಕಲ್ಲಿನ ಮೇಲೆ ಅಗಲವಾಗಿ ಹರವಿ, ನೀರು ತಾನೇ ಇಳೀಲಿ. ಒಣಗೋದು ನೆರಳಲ್ಲಿ, ಗಾಳಿ ಆಡೋ ಕಡೆ.

ಕುದಿಸೋಕೆ ಆಗದ ಬಟ್ಟೆ ಅಂದ್ಮೇಲೆ ರೋಗದ ಕರು ಮೇಲೆ ಕಂಬಳಿ ಹಾಕದೇ ಇರೋದೇ ಸರಿ. ಹಾಕಲೇಬೇಕು ಅಂದ್ರೆ ಮೈಗೆ ತಾಗೋ ಕಡೆ ಹಳೇ ಹತ್ತಿ ಪಂಚೆ ಕೊಟ್ಟು, ಅದರ ಮೇಲೆ ಕಂಬಳಿ. ಪಂಚೆ ಕುದಿಸಬಹುದು, ಕಂಬಳಿಗೆ ಕೊಳೆಯೂ ಕಮ್ಮಿ. ಕುಣಿಗಲ್ಲಲ್ಲಿ ಕುದುರೆ ಫಾರಂ ಇರೋದು ನಮಗೆಲ್ಲಾ ಗೊತ್ತು. ಕುದುರೆಗೂ ಇದೇ ಹುಳುಕಡ್ಡಿ ಕಾಟ, ಅದಕ್ಕೇ ಕುದುರೆ ಸಾಕೋರು ಒಂದರ ಹೊದಿಕೆ ಇನ್ನೊಂದಕ್ಕೆ ಹಾಕಬಾರದು ಅನ್ನೋದನ್ನ ಮೊದಲು ಕಲೀತಾರೆ. ಕರುವಿಗೊಂದು ತಾಟು, ಅದಕ್ಕೊಂದು ಗುರುತಿನ ದಾರ. ಖರ್ಚಿಲ್ಲದ ಕೆಲಸ.

ತೊಳೆಯೋ ಜಾಗದ ಬಗ್ಗೆಯೂ ಒಂದು ಮಾತು. ದನ ನೀರು ಕುಡಿಯೋ ತೊಟ್ಟಿ ಪಕ್ಕ ಬೇಡ, ಊರ ಕೆರೆಯಲ್ಲೂ ಬೇಡ. ಬೋರಿನ ಪೈಪ್ ತೋಟಕ್ಕೆ ಎಳೆದು ತೆಂಗಿನ ಬುಡದಲ್ಲಿ ತೊಳೆದ್ರೆ ನೀರು ಗಿಡಕ್ಕೆ ಹೋಗುತ್ತೆ. ಮತ್ತೆ ಈ ಕೆಲಸ ಯಾಕೆ ಮನೆ ಹೆಂಗಸರ ಪಾಲಿಗೇ ಬೀಳಬೇಕು? ಎತ್ತಿಗೆ ಜೂಲು ಹೊದಿಸಿ ಫೋಟೋ ತೆಗೆಸಿಕೊಳ್ಳೋರು ನಾವು, ಬೆನ್ನು ಬಗ್ಗಿಸಿ ಉಜ್ಜೋರು ಅವರು. ನೆನೆದ ಕಂಬಳಿ ತೂಕ ಏನು ಅಂತ ಒಂದ್ಸಲ ಎತ್ತಿ ನೋಡಿದ್ರೆ ಗೊತ್ತಾಗುತ್ತೆ.

ಎತ್ತಿಡೋದು ಮಾತ್ರ ಪೂರ್ತಿ ಒಣಗಿದ ಮೇಲೆ. ಅಂಚು ಮುಟ್ಟಿ ನೋಡಿ, ಕೊನೆಗೆ ಒಣಗೋದು ಅದೇ. ನುಸಿ ಮರಿ ಹುಳ ತಿನ್ನೋದು ಉಣ್ಣೆಯನ್ನ, ಅದರಲ್ಲೂ ಬೆವರು ಗಂಜಲ ಹತ್ತಿದ ಉಣ್ಣೆ ಅಂದ್ರೆ ಅದಕ್ಕೆ ಹಬ್ಬ. ತೊಳೆದಿಟ್ಟಿದ್ದಕ್ಕೆ ಬೇವಿನ ಸೊಪ್ಪು, ಲಕ್ಕಿ ಸೊಪ್ಪು ಒಣಗಿಸಿ ಮಡಿಕೆ ಮಧ್ಯ ಇಡೋದು ಒಳ್ಳೇದೇ. ತೊಳೆಯದೆ ಸೊಪ್ಪು ತುರುಕಿ ಏನೂ ಪ್ರಯೋಜನ ಇಲ್ಲ. ಹಸಿ ಸೊಪ್ಪು ಹಾಕಿದ್ರೆ ಬೂಷ್ಟು ನೀವೇ ಕರೆದ ಹಾಗೆ. ಯೂರಿಯಾ ಚೀಲದಲ್ಲಿ ಕಟ್ಟಿಡಬೇಡಿ, ಅಂಟಿದ ಗೊಬ್ಬರ ತೇವ ಎಳೆಯುತ್ತೆ, ದನ ಅದನ್ನ ನೆಕ್ಕಿದ್ರೆ ವಿಷ. ಹಳೇ ಟ್ರಂಕು ಇದ್ರೆ ಎಲ್ಲಕ್ಕಿಂತ ವಾಸಿ, ಇಲಿಯೂ ಬರಲ್ಲ. ಇಲ್ಲದೋರು ಒಗೆದ ಹತ್ತಿ ಸೀರೇಲಿ ಗಂಟು ಕಟ್ಟಿ ತೀರಿಗೆ ತೂಗುಹಾಕಿ. ಆಷಾಢದ ಮಳೆ ಬಿಟ್ಟ ಮೇಲೆ ಒಂದು ದಿನ ಬಿಚ್ಚಿ ಬಿಸಿಲಿಗೆ ಹಿಡಿದು, ಕೊಡವಿ, ಮತ್ತೆ ಕಟ್ಟಿ.

ಪುಟ್ಟ ಕರು ಇರೋರು ಇನ್ನೊಂದು ಹತ್ತು ದಿನ ತಾಟು ಪೂರ್ತಿ ಎತ್ತಿಡಬೇಡಿ, ಬೆಳಗಿನ ಜಾವ ಇನ್ನೂ ಥಂಡಿ ಇದೆ. ಬಿಸಿಲೇರಿದ ಕೂಡಲೇ ತೆಗೆದುಬಿಡಿ, ಒಳಗೆ ಬೆವರಬಾರದು. ಮಿಕ್ಕವನ್ನ ತ್ರೀ ಫೇಸ್ ಕರೆಂಟ್ ಬಂದ ದಿನ ನೋಡಿಕೊಂಡು ನೆನೆಹಾಕಿ.