ಚಾಟಿ ಹಿಡಿದ ಚೆಲುವೆ
ನಿರ್ಭೀತ ನಾದಿಯಾ ಎಂದೇ ಹೆಸರಾದ ಚಿತ್ರನಟಿ ಮೇರಿ ಆ್ಯನ್ ಇವಾನ್ಸ್ ಮುಂಬೈಯಲ್ಲಿ ಕಣ್ಮುಚ್ಚಿದ್ದು 1996ರ ಜನವರಿ 9ರಂದು. ಹಿಂದಿನ ದಿನವಷ್ಟೇ ಅವರಿಗೆ 88 ತುಂಬಿತ್ತು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಹುಟ್ಟಿ, ಎಳವೆಯಲ್ಲೇ ಬೊಂಬಾಯಿಗೆ ಬಂದು, ಸೈನಿಕನಾಗಿದ್ದ ತಂದೆಯನ್ನು ಮೊದಲ ಮಹಾಯುದ್ಧದಲ್ಲಿ ಕಳೆದುಕೊಂಡ ಹುಡುಗಿ ಅವರು. ಆದರೂ ಬದುಕಿನ ಮೇಲೆ ಮುನಿಸಿಕೊಳ್ಳಲಿಲ್ಲ. ವಾಯವ್ಯ ಗಡಿನಾಡಿನಲ್ಲಿ ಕುದುರೆ ಸವಾರಿ ಕಲಿತರು, ಬಂದೂಕು ಹಿಡಿದರು. ಅಂಗಡಿಯಲ್ಲಿ ದುಡಿದರು, ಬ್ಯಾಲೆ ಕುಣಿದರು, ಸರ್ಕಸ್ಸಿಗೂ ಸೇರಿದರು. 1935ರಲ್ಲಿ ವಾಡಿಯಾ ಸೋದರರ ‘ಹಂಟರ್‌ವಾಲಿ’ ಚಿತ್ರ ಬಂದಾಗ, ಅದರಲ್ಲಿ ಮುಖವಾಡ ತೊಟ್ಟು ದುಷ್ಟರಿಗೆ ಚಾಟಿಯೇಟು ಕೊಡುವ ರಾಜಕುಮಾರಿಯಾದ ನಾದಿಯಾರನ್ನು ಕಂಡು ಜನ ಹುಚ್ಚೆದ್ದು ಕುಣಿದರು. ಓಡುವ ರೈಲಿನ ಮೇಲೆ ಹೊಡೆದಾಟ, ಸಿಂಹಗಳ ಜೊತೆ ನಟನೆ, ಗಟ್ಟಿಮುಟ್ಟಾದ ಗಂಡಸರನ್ನು ಹೆಗಲಿಗೆತ್ತಿಕೊಂಡು ಎಸೆಯುವುದು: ಇಂಥ ಸಾಹಸಗಳನ್ನು ತಾವೇ ಮಾಡಿದರು, ಅದೂ ನಗುನಗುತ್ತ. ನಾಯಕಿಯೆಂದರೆ ಕಣ್ಣೀರಿಡಬೇಕು ಎಂದು ನಂಬಿದ್ದ ಕಾಲದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತರು. 1940ರ ‘ಡೈಮಂಡ್ ಕ್ವೀನ್’ನಲ್ಲಿ ಹೆಣ್ಣಿನ ಸ್ವಾತಂತ್ರ್ಯದ ಮಾತನ್ನೂ ಆಡಿದರು. ತಮ್ಮ ಚಿತ್ರಗಳ ನಿರ್ದೇಶಕ ಹೋಮಿ ವಾಡಿಯಾ ಅವರನ್ನು ಮದುವೆಯಾದದ್ದು 1961ರಲ್ಲಿ, ಐವತ್ತು ದಾಟಿದ ಮೇಲೆ. ಅರವತ್ತರ ವಯಸ್ಸಿನಲ್ಲಿ, 1968ರ ‘ಖಿಲಾಡಿ’ಗಾಗಿ ಮತ್ತೆ ಬಣ್ಣ ಹಚ್ಚಿದರು. ಧೈರ್ಯಕ್ಕೆ ಮುಖ ಗಂಟಿಕ್ಕಬೇಕಿಲ್ಲ ಎಂಬುದನ್ನು ನಾದಿಯಾ ಬದುಕಿ ತೋರಿಸಿದರು. ನಮ್ಮ ಹೆಣ್ಣುಮಕ್ಕಳಿಗೆ ಅವರ ಕಥೆಯನ್ನು ತಪ್ಪದೆ ಹೇಳೋಣ.