ಹೊಳಪಿನ ಹಿಂದಿನ ಹಿಂಸೆ

18ನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಸಿರಿವಂತರ ಮನೆಗಳಲ್ಲಿ, ಎರಡು ಗೋಡೆಗಳು ಕೂಡುವ ಮೂಲೆಗೆಂದೇ ಮಹಾಗನಿ ಮರದ ಕಪಾಟುಗಳು ಸಿದ್ಧವಾಗುತ್ತಿದ್ದವು. ಪ್ರಾಚೀನ ಗ್ರೀಕ್, ರೋಮನ್ ಶೈಲಿಯನ್ನು ಅನುಸರಿಸಿದ ಮಿತವಾದ ಅಲಂಕಾರ, ಗಾಜಿನ ಬಾಗಿಲು, ಒಳಗೆ ಪಿಂಗಾಣಿ. ಹಲಗೆಗೆ ಹಲಗೆಯನ್ನು ಬಿರುಕು ಕಾಣದಂತೆ ಬೆಸೆದ ಬಡಗಿಯ ಏಕಾಗ್ರತೆ ನಿಜಕ್ಕೂ ಗೌರವಾರ್ಹ.

ಆದರೆ ಆ ಮರ ಬಂದದ್ದು ಎಲ್ಲಿಂದ? 1721ರಲ್ಲಿ ಬ್ರಿಟನ್ ತನ್ನ ಅಮೆರಿಕದ ವಸಾಹತುಗಳ ಮರಮುಟ್ಟಿನ ಮೇಲಿನ ಸುಂಕವನ್ನು ತೆಗೆದ ಬಳಿಕ ಜಮೈಕಾದ ಮಹಾಗನಿ ಮರಗಳು ಭರದಿಂದ ಉರುಳಿದವು. ಅವನ್ನು ಕಡಿಯುವ ದುಡಿಮೆಗೆ ಗುಲಾಮರಾಗಿದ್ದ ಆಫ್ರಿಕನ್ನರನ್ನು ಹಚ್ಚಲಾಗಿತ್ತು.

ಜೈನ ದರ್ಶನವು ಹಿಂಸೆಯನ್ನು ಮಾಡಿದವನಲ್ಲಿ ಮಾತ್ರವಲ್ಲ, ಮಾಡಿಸಿದವನಲ್ಲೂ ಅನುಮೋದಿಸಿದವನಲ್ಲೂ ಕಾಣುತ್ತದೆ. ಸಸ್ಯವೂ ಏಕೇಂದ್ರಿಯ ಜೀವವೇ ಆದುದರಿಂದ ಮರ ಕಡಿದು ಮಾರುವ ವನಕರ್ಮವು ಶ್ರಾವಕನಿಗೆ ನಿಷಿದ್ಧ.

ಹಾಗೆಂದು ಹಳೆಯ ಕಪಾಟನ್ನು ಒಡೆದೆಸೆಯಬೇಕಿಲ್ಲ. ಇನ್ನೂರು ವರ್ಷ ಬಾಳಿದ ವಸ್ತುವನ್ನು ಜತನದಿಂದ ಬಳಸಿದರೆ ಇನ್ನೊಂದು ಮರ ಉಳಿದೀತು. ಆದರೆ ತತ್ವಾರ್ಥಸೂತ್ರವು ಪರಿಗ್ರಹವನ್ನು ಗುರುತಿಸುವುದು ವಸ್ತುವಿನಲ್ಲಲ್ಲ, ಮೂರ್ಛೆಯಲ್ಲಿ, ಅಂದರೆ ಮಮಕಾರದಲ್ಲಿ. ಮನೆಗೆ ವಸ್ತುವೊಂದನ್ನು ತರುವ ಮುನ್ನ ಅದರ ಬೆಲೆಯೊಂದಿಗೆ ಅದಕ್ಕಾಗಿ ನೊಂದ ಜೀವಗಳನ್ನೂ ನೆನೆದರೆ, ಶ್ರಾವಕನ ಪರಿಗ್ರಹ ಪರಿಮಾಣ ವ್ರತ ಅಲ್ಲಿಂದಲೇ ಆರಂಭವಾಗುತ್ತದೆ.